ಮಳೆ ಕಾಣದ ಟಾಪುಗಳ ದರ್ಜಿ

ಬೆಳಗಿನ ಐದೂವರೆ. ಬೆಲ್ಪರ್ ಎಂಬ ಇಂಗ್ಲಿಷ್ ಊರಿನ ಒಂದು ಹಿತ್ತಲು. ಮರದ ಶೆಡ್ಡಿನೊಳಗೆ ನೆವಿಲ್ ಹ್ಯಾಲಮ್ ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡು, ಕಪ್ಪು ಕ್ಯಾನ್ವಾಸಿನ ಅಡಿ ಅರ್ಧ ಮುಳುಗಿ ಹೋಗಿದ್ದಾರೆ. ಹೊಲಿಗೆ ಮಿಷನ್ನಿನ ಸದ್ದಿಗೆ ಕಿಟಕಿಯ ಗಾಜು ನಡುಗುತ್ತಿದೆ. ಪಕ್ಕದಲ್ಲಿಟ್ಟ ಚಹಾ ಆರಿ ಕೆನೆಗಟ್ಟಿದೆ. ಹೆಂಡತಿ ಬೆರಿಲ್ ಎರಡನೇ ಕಪ್ ತಂದು ಬಾಗಿಲಲ್ಲಿ ನಿಂತಿದ್ದಾರೆ.

“ಇದನ್ನಾದ್ರೂ ಬಿಸಿ ಇರುವಾಗ ಕುಡಿ, ಬಾತೇ.”

ಈ ಕಡೆಯವರ ಪ್ರೀತಿಯ ಬಾಯಲ್ಲಿ ಗಂಡು ಹೆಣ್ಣೆನ್ನದೆ ಎಲ್ಲರೂ ಬಾತುಕೋಳಿಗಳೇ. ನೆವಿಲ್ ಪಿನ್ನುಗಳನ್ನು ಒಂದೊಂದಾಗಿ ಉಗುಳಿ, “ಇನ್ನೊಂದು ಮೂಲೆ ಇದೆ ಅಷ್ಟೆ, ಬಂದೆ” ಎನ್ನುತ್ತಾರೆ. ಆ ಒಂದು ಮೂಲೆಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಎರಡನೇ ಕಪ್ಪೂ ಕೆನೆಗಟ್ಟುತ್ತದೆ.

ಅರುವತ್ತೆಂಟರ ನೆವಿಲ್ ಹೊಲಿಯುವುದು ಕಿಟ್ ಕಾರುಗಳ ಟಾಪು, ಮಳೆ ಬಂದರೆ ಏರಿಸಿ ಬಿಸಿಲಿಗೆ ಸುತ್ತಿಡುವ ಕ್ಯಾನ್ವಾಸ್ ಚಾವಣಿ. ಡಬ್ಬಗಳಲ್ಲಿ ಬಂದ ಬಿಡಿಭಾಗಗಳನ್ನು ವರ್ಷಗಟ್ಟಲೆ ಗ್ಯಾರೇಜಿನಲ್ಲಿ ಕೂತು ತಾವೇ ಜೋಡಿಸಿಕೊಂಡ ಪುಟ್ಟ ಸ್ಪೋರ್ಟ್ಸ್ ಕಾರುಗಳು ಇವು. ಎರಡೇ ಸೀಟು, ಬಾಗಿಲಿಲ್ಲ, ಎತ್ತರ ಸೊಂಟದವರೆಗೆ. ಡರ್ವೆಂಟ್ ಕಣಿವೆ ಕ್ಲಬ್ಬಿನವರು ತಿಂಗಳಿಗೆ ಎರಡು ಭಾನುವಾರ ಇವನ್ನು ಸಾಲಾಗಿ ಹೊರಡಿಸಿ, ಗುಡ್ಡ ಹತ್ತಿ, ಗುಡ್ಡ ಇಳಿದು, ಎಲ್ಲಾದರೂ ಒಂದು ಕಡೆ ಚಹಾ ಕುಡಿದು, ಪರಸ್ಪರರ ಎಂಜಿನ್ನುಗಳನ್ನು ಇಣುಕಿ ನೋಡಿ ಮನೆಗೆ ಬರುತ್ತಾರೆ. ಎಂಜಿನ್ ಬಗ್ಗೆ ಕೇಳಿದರೆ ಗಂಟೆಗಟ್ಟಲೆ ಹೇಳುತ್ತಾರೆ. ಟಾಪು ಹೊಲಿದವರು ಯಾರು ಎಂದರೆ ತಲೆ ಕೆರೆದುಕೊಳ್ಳುತ್ತಾರೆ.

ಹದಿನಾರನೇ ವಯಸ್ಸಿಗೆ ನೆವಿಲ್ ಡೇರೆ ಹೊಲಿಯುವ ಕಾರ್ಖಾನೆ ಸೇರಿದವರು. ಅಲ್ಲಿ ಹತ್ತೊಂಬತ್ತು ವರ್ಷ ದುಡಿದ ಮೇಲೆ ಅದು ಬಾಗಿಲು ಹಾಕಿತು. ಮಿಷನ್ನೊಂದನ್ನು ತಳ್ಳುಗಾಡಿಯಲ್ಲಿ ಮನೆಗೆ ತಂದರು. ಬೆರಿಲ್ ಶಾಲೆಯ ಅಡುಗೆಮನೆಯಲ್ಲಿ ದುಡಿದು ಸಂಸಾರ ನಡೆಸಿದ ಎರಡು ವರ್ಷ ನೆವಿಲ್ ಊರವರ ಪರದೆ, ನಾಯಿಯ ಕೋಟು, ಒಮ್ಮೆ ಪಾದ್ರಿಗಳ ಸೋಫಾ ಹೊಲಿದರು. ಆಮೇಲೆ ಯಾರೋ ಒಬ್ಬರು ಕಿಟ್ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದರು. ಅಲ್ಲಿಂದ ಇಲ್ಲಿಯವರೆಗೆ ಮೂವತ್ತೊಂದು ವರ್ಷ. ಒಂದು ಟಾಪಿಗೆ ಮೂರೂವರೆ ದಿನ, ಇಪ್ಪತ್ತೆಂಟು ಟಿಚ್ ಬಟನ್, ಹತ್ತೊಂಬತ್ತು ಮೀಟರ್ ಮೇಣದ ನೂಲು. ಮಿಷನ್ನಿನ ಮೇಲೆ ಈಗ ಇರುವುದು ಇನ್ನೂರ ಹದಿಮೂರನೆಯದು, ಕೊನೆಯದು. ಹೆಬ್ಬೆರಳ ಕೀಲು ಸವೆದು ಕತ್ತರಿ ಹಿಡಿಯಲಾಗುತ್ತಿಲ್ಲ.

ಇಷ್ಟು ಹೊಲಿದ ನೆವಿಲ್‌ಗೆ ಒಂದೇ ಆಸೆ ಉಳಿದಿದೆ. ಮಳೆಯಲ್ಲಿ ತಮ್ಮದೊಂದು ಟಾಪು ಕಾರಿನ ಮೇಲೆ ನಿಂತಿರುವುದನ್ನು ಒಮ್ಮೆ ನೋಡಬೇಕು. ಇಲ್ಲಿಯವರೆಗೆ ನೋಡಿಲ್ಲ. ಇದೇನು ಮಳೆ ಬಾರದ ದೇಶವೇ ಎಂದು ಕೇಳಿದರೆ ಬೆರಿಲ್ ಹೊಟ್ಟೆ ಹಿಡಿದು ನಗುತ್ತಾರೆ.

ಅಡ್ಡಿಯಾಗಿರುವುದು ಒಂದು ಕುಲಾವಿ. ಗುಲಾಬಿ ಉಣ್ಣೆಯದು, ಗಲ್ಲದ ಕೆಳಗೆ ಕಟ್ಟಲು ಲಾಡಿ ಬೇರೆ. ಸವಾರಿಯಲ್ಲಿ ಮೊದಲು ಟಾಪು ಏರಿಸಿದವರು ಚಹಾದಂಗಡಿಯಲ್ಲಿ ಅದನ್ನು ತಲೆಗೆ ಕಟ್ಟಿಕೊಂಡು ಕೂರಬೇಕೆಂಬುದು ಕ್ಲಬ್ಬಿನ ಕಟ್ಟಳೆ. ಕುಲಾವಿ ಇಂದಿಗೂ ಹೊಚ್ಚ ಹೊಸದಾಗಿದೆ. ಜನ ಒದ್ದೆಯಾಗುತ್ತಾರೆ, ಸೀನುತ್ತಾರೆ, ಬೂಟಿನಿಂದ ನೀರು ಸುರಿಯುತ್ತಾರೆ, ಆದರೆ ಟಾಪು ಏರಿಸುವುದಿಲ್ಲ. “ಜೋರಾಗಿ ಓಡಿಸಿದ್ರೆ ಮಳೆ ತಲೆ ಮೇಲೆ ಹಾದು ಹೋಗುತ್ತೆ” ಎಂಬುದು ಕ್ಲಬ್ಬಿನ ಅಧ್ಯಕ್ಷ, ದಂತವೈದ್ಯ ರೋಲಂಡ್ ಟಾಮ್ಲಿನ್ಸನ್ ಅವರ ವಾದ. ಸಿಗ್ನಲ್ಲಿನಲ್ಲಿ ನಿಂತಾಗ ಅದೇ ಮಳೆ ಅವರ ಮಡಿಲಿಗೇ ಬೀಳುತ್ತದೆ. ಅವರ ಟಾಪಿನ ಮೇಲೆ ನಾಯಿ ಮಲಗುತ್ತದೆ. ಇನ್ನೊಬ್ಬರು ಅದನ್ನು ನೆಲಕ್ಕೆ ಹಾಸಿಕೊಂಡು ಕಾರಿನಡಿ ತೂರುತ್ತಾರೆ. “ಹಾಸ್ಕೊಳ್ಳೋಕೆ ಬಹಳ ಚೆನ್ನಾಗಿದೆ ನೆವಿಲ್” ಎಂದು ಹೊಗಳಿದ್ದೂ ಉಂಟು.

ನೆವಿಲ್‌ಗೂ ಒಂದು ಹಸಿರು ಕಿಟ್ ಕಾರಿದೆ. ಅವರೂ ಏರಿಸುವುದಿಲ್ಲ.

“ನೀನೇ ಹಾಕ್ಕೊಂಡು ನೋಡ್ಕೋಬಾರ್ದಾ?” ಎಂದು ಬೆರಿಲ್ ಛೇಡಿಸುತ್ತಾರೆ.

“ನನ್ನದನ್ನ ನಾನೇ ಹಾಕ್ಕೊಂಡ್ರೆ ಏನು ಬಂತು? ಬೇರೆಯವರಿಗೆ ಬೇಕು ಅನ್ನಿಸ್ಬೇಕು.”

“ಕುಲಾವಿಗೆ ಹೆದರ್ತೀನಿ ಅನ್ನು.”

“ಅದೂ ಇದೆ” ಎಂದು ನೆವಿಲ್ ಒಪ್ಪಿಕೊಳ್ಳುತ್ತಾರೆ.

ಸೆಪ್ಟೆಂಬರಿನ ಕೊನೆಯ ಭಾನುವಾರ, ವರ್ಷದ ಕಡೆಯ ಸವಾರಿ. ಹದಿನಾಲ್ಕು ಕಾರುಗಳು. ಇನ್ನೂರ ಹದಿಮೂರನೇ ಟಾಪಿನ ಒಡತಿ ಒಲ್ವೆನ್ ಪ್ರಾಬರ್ಟ್ ಅವರಿಗೆ ಇದು ಮೊದಲ ಸವಾರಿ. ಎಪ್ಪತ್ತೊಂದು ವಯಸ್ಸು, ನಿವೃತ್ತ ಸೂಲಗಿತ್ತಿ ನರ್ಸು, ನಾಲ್ಕು ವರ್ಷ ಕೂತು ಕಾರು ಕಟ್ಟಿದವರು. ಕಾರ್ಸಿಂಗ್ಟನ್ ಜಲಾಶಯ ದಾಟುವಷ್ಟರಲ್ಲಿ ಮಳೆ ಹಿಡಿಯುತ್ತದೆ. ಒಲ್ವೆನ್ ಇಂಡಿಕೇಟರ್ ಹಾಕಿ ರಸ್ತೆ ಬದಿಗೆ ನಿಲ್ಲಿಸುತ್ತಾರೆ. ಕೆಟ್ಟಿತೆಂದುಕೊಂಡು ಹದಿಮೂರು ಕಾರೂ ನಿಲ್ಲುತ್ತವೆ. ರೋಲಂಡ್ ಸ್ಪಾನರ್ ಹಿಡಿದು ಓಡಿ ಬರುತ್ತಾರೆ.

“ಏನಾಯ್ತು ಒಲ್ವೆನ್? ಫ್ಯಾನ್ ಬೆಲ್ಟಾ?”

“ಮಳೆ ಬರ್ತಿದೆ ಕಣಪ್ಪ. ಕಾಣಿಸ್ತಿಲ್ವಾ?” ಒಲ್ವೆನ್ ಆಗಲೇ ಟಾಪಿನ ಸುರುಳಿ ಬಿಚ್ಚುತ್ತಿದ್ದಾರೆ.

“ಕುಲಾವಿ ವಿಷಯ ಹೇಳಿದ್ನಲ್ಲ...”

“ನಲವತ್ತು ವರ್ಷ ಹೆರಿಗೆ ಮಾಡಿಸಿದೀನಿ. ನನಗೆ ಕುಲಾವಿ ತೋರಿಸಿ ಹೆದರಿಸ್ತೀಯಾ? ನಿನ್ನನ್ನ ಹೊರಗೆ ಎಳೆದವಳೂ ನಾನೇ. ಆವತ್ತೂ ಹೀಗೇ ಒದ್ದೆಯಾಗಿ ಅರಚ್ತಿದ್ದೆ.”

ರೋಲಂಡ್ ಸ್ಪಾನರನ್ನು ಜೇಬಿಗಿಡುತ್ತಾರೆ. ನೆವಿಲ್ ಬಂದು ಟಾಪಿನ ಇನ್ನೊಂದು ತುದಿ ಹಿಡಿಯುತ್ತಾರೆ. ಇಪ್ಪತ್ತೆಂಟು ಬಟನ್ನುಗಳು ಒಂದೊಂದಾಗಿ ಕೂರುತ್ತವೆ. ಮುಂದಿನ ಹತ್ತು ಮೈಲಿ ಅವರು ಒಲ್ವೆನ್ ಕಾರಿನ ಹಿಂದೆಯೇ, ತಾವು ಪೂರ್ತಿ ನೆನೆಯುತ್ತಾ ಓಡಿಸುತ್ತಾರೆ. ದಾರಿ ನೋಡುವುದಕ್ಕಿಂತ ಟಾಪು ನೋಡಿದ್ದೇ ಹೆಚ್ಚು. ಒಂದು ಕಡೆ ಕುರಿಯೊಂದು ಕೂದಲೆಳೆಯಲ್ಲಿ ಪಾರಾಯಿತು.

ಹಾರ್ಟಿಂಗ್ಟನ್‌ನ ಚಹಾದಂಗಡಿಯಲ್ಲಿ ಒಲ್ವೆನ್ ಕುಲಾವಿ ಕಟ್ಟಿಕೊಂಡು, ಓಟ್‌ಕೇಕಿನ ಮೇಲೆ ಕರಗಿದ ಚೀಸನ್ನು ನೆಮ್ಮದಿಯಾಗಿ ಸವಿಯುತ್ತಾರೆ. ಕೋಣೆಯಲ್ಲಿ ಹೆಚ್ಚುಕಡಿಮೆ ಒಣಗಿದ ಬಟ್ಟೆ ಇರುವುದು ಅವರ ಮೈಮೇಲೆ ಮಾತ್ರ. ನೆವಿಲ್ ಒಳಗೆ ಬಂದಿಲ್ಲ. ಅನುಮತಿ ಕೇಳಿ ಒಲ್ವೆನ್ ಕಾರಿನೊಳಗೆ ಮೈ ಮಡಚಿ ತೂರಿ ಕೂತಿದ್ದಾರೆ. ಕ್ಯಾನ್ವಾಸಿನ ಮೇಲೆ ಮಳೆಯ ಸದ್ದು ಕೇಳುತ್ತಾ ಕಣ್ಣು ಮುಚ್ಚಿದ್ದಾರೆ. ಆಗ ಮೊಣಕಾಲ ಮೇಲೆ ಟಪ್ ಎಂದು ಒಂದು ಹನಿ.

ಕಣ್ಣು ಬಿಟ್ಟು ಮೇಲೆ ನೋಡುತ್ತಾರೆ. ಬಲಗಡೆಯ ಮೂಲೆ. ಇನ್ನೊಂದು ಹನಿ. ಒಲ್ವೆನ್ ಹೊರಗೆ ಬಂದು ಬಗ್ಗಿ, “ಹೇಳೋದು ಬೇಡ ಅಂದ್ಕೊಂಡಿದ್ದೆ. ದಾರಿಯುದ್ದಕ್ಕೂ ತೊಟ್ಟಿಕ್ತಾನೇ ಇತ್ತು” ಎನ್ನುತ್ತಾರೆ. ನೆವಿಲ್ ಆ ಮಡಿಕೆಯನ್ನು ಬೆರಳಿಂದ ಸವರುತ್ತಾರೆ. ಹೊಲಿಗೆ ಗಟ್ಟಿಯಾಗಿದೆ, ಮಡಚಿದ ದಿಕ್ಕೇ ತಪ್ಪು. ಮೊದಲ ಟಾಪಿನಿಂದಲೂ ಆ ಮೂಲೆಯನ್ನು ಅವರು ಹೀಗೆಯೇ ಮಡಚುತ್ತಾ ಬಂದಿದ್ದಾರೆ. ಸೋರುತ್ತದೆಂದು ಮೂವತ್ತೊಂದು ವರ್ಷದಲ್ಲಿ ಒಬ್ಬರೂ ಬಂದು ದೂರಿದ್ದಿಲ್ಲ.

ಅಷ್ಟರಲ್ಲಿ ಅಂಗಡಿಯ ಬಾಗಿಲು ತೆರೆಯುತ್ತದೆ. ಕುಲಾವಿ ಮೊದಲಿಗರಿಗೆ ಮಾತ್ರ, ಇವತ್ತಿನದು ಮುಗಿಯಿತು ಎಂಬುದು ಯಾರಿಗೋ ಹೊಳೆದಿದೆ. ರೋಲಂಡ್ ನಾಯಿಯ ಕೂದಲು ಕೊಡವಿ ತಮ್ಮ ಟಾಪನ್ನು ಬಿಚ್ಚುತ್ತಿದ್ದಾರೆ. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಧೋ ಎನ್ನುವ ಮಳೆಯಲ್ಲಿ ಕಪ್ಪು ಟಾಪುಗಳು ಒಂದಾದ ಮೇಲೊಂದು ಏಳುತ್ತವೆ.

“ಎಲ್ಲಾನೂ ಸೋರುತ್ತಾ?” ಒಲ್ವೆನ್ ಮೆಲ್ಲಗೆ ಕೇಳುತ್ತಾರೆ.

“ಎಲ್ಲಾನೂ. ಒಂದೊಂದನ್ನೂ ಬಿಚ್ಚಿ ಹೊಲೀಬೇಕು.”

“ಹಾಗಾದ್ರೆ ಹೋಗಿ ಹೇಳಿ ಅವರಿಗೆ.”

ನೆವಿಲ್ ಕಾರಿನಿಂದ ಇಳಿದು ಮಳೆಯಲ್ಲಿ ನಿಲ್ಲುತ್ತಾರೆ. ಕೆನ್ನೆಯ ಮೇಲೆ ಇಳಿಯುತ್ತಿರುವುದೆಲ್ಲ ಮಳೆ ನೀರಲ್ಲ.

“ಹೇಳ್ತೀನಿ. ಒಂದೈದು ನಿಮಿಷ ನೋಡ್ಕೊಂಡ್ಬಿಡ್ತೀನಿ, ಆಮೇಲೆ ಹೇಳ್ತೀನಿ.”