ಎಲ್ಲಿಗೆ ಎಂದು ಕೇಳಬಾರದು

ಮೊಂಬಾಸಾ ವಿಮಾನ ನಿಲ್ದಾಣದ ಹೊರಬಾಗಿಲಲ್ಲಿ ನಾನು ಮೊದಲು ಕಂಡದ್ದು ಒಂದು ನರೆತ ತುರುಬು, ಅದರ ಸುತ್ತ ಅಬ್ಬಲಿಗೆ ದಂಡೆ. ತುರುಬಿನವರು ನನಗೆ ಬೆನ್ನು ಹಾಕಿ ಟ್ಯಾಕ್ಸಿಯವನೊಬ್ಬನನ್ನು ಬೈಯುತ್ತಿದ್ದರು. ಬೈದು ಮುಗಿಸಿಯೇ ತಿರುಗಿದರು.

"ಕುಮಟೆಯವಳು ನೀನೇ ಅಲ್ದಾ? ಎಂತ ನೋಡ್ತೆ? ಬಾ."

ನನ್ನ ಯಜಮಾನರಿಗೆ ಬಂದರಿನಲ್ಲಿ ಕ್ರೇನ್ ರಿಪೇರಿ ಕೆಲಸ. ಆ ದಿನ ರಜೆ ಸಿಗಲಿಲ್ಲ, ಕೆಳಗಿನ ಮನೆ ಅಕ್ಕೋರು ಬರ್ತಾರೆ ಎಂದು ಫೋನಿನಲ್ಲಿ ಹೇಳಿದ್ದರು. ಮದುವೆಯಾಗಿ ಮೊದಲ ಸಲ ಸಂಸಾರಕ್ಕೆ ಬರುವ ಹೆಂಡತಿಗೆ ಹೇಳುವ ಮಾತೇ ಇದು? ನನಗೆ ಮೈಯೆಲ್ಲ ಉರಿದುಹೋಗಿತ್ತು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಇವರು ಭಟ್ಕಳದ ಹತ್ತಿರದ ಮಾವಳ್ಳಿಯವರು. ಮೊಂಬಾಸಾದ ಒಂದು ಶಾಲೆಯಲ್ಲಿ ಕಲಿಸಿ ನಿವೃತ್ತರಾಗಿದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅಬ್ಬಲಿಗೆಯನ್ನು ಕುಂಡದಲ್ಲಿ ತಾವೇ ಬೆಳೆಸುತ್ತಿದ್ದರು.

ಟ್ಯಾಕ್ಸಿಯವನ ಅಪರಾಧ ಇಷ್ಟೇ. "ವಾಪಿ, ಮಾಮಾ?" ಎಂದು ಕೇಳಿದ್ದ. ಎಲ್ಲಿಗಮ್ಮಾ ಎಂದರ್ಥ.

"ಹೊರಟೋರಿಗೆ ಎಲ್ಲಿಗೆ ಹೇಳಿ ಕೇಳ್ತಾರಾ? ಹೋದ ಕೆಲ್ಸ ಆಗ್ತದ್ಯಾ?" ಎಂದು ಅಕ್ಕೋರು ನನ್ನ ಪೆಟ್ಟಿಗೆ ಎಳೆದುಕೊಂಡು ಮುಂದೆ ನಡೆದರು. ಅವರಿಗೆ ಮಟಾಟುವೇ ಆಗಬೇಕು. ಅದು ಅಲ್ಲಿನ ಪ್ಯಾಸೆಂಜರ್ ವ್ಯಾನು. ಅದರ ಕಂಡಕ್ಟರ್ ಊರಿನ ಹೆಸರು ತಾನೇ ಕೂಗುತ್ತಾನೆ, ಯಾರನ್ನೂ ಏನೂ ಕೇಳುವುದಿಲ್ಲ. ಕಿವಿ ಒಡೆಯುವ ಹಾಡು, ತೊಡೆಯ ಮೇಲೆ ಪೆಟ್ಟಿಗೆ, ಎರಡೂ ಬದಿಗೆ ಕಂಟೇನರ್ ಲಾರಿಗಳು. ಅಯ್ಯೋ ದೇವರೇ, ಯಾವ ಕರ್ಮಕ್ಕೆ ಬಂದೆ ಎನಿಸಿತು. ಆಮೇಲೆ ಎರಡೂ ಕಡೆ ನೀರು ಕಾಣಿಸಿತು. ಪೇಟೆ ಇರುವುದು ದ್ವೀಪದ ಮೇಲೆ.

"ಅಳೂದಿದ್ರೆ ಈಗ್ಲೇ ಅತ್ತು ಮುಗ್ಸು," ಎಂದರು ಅಕ್ಕೋರು. "ಈ ನೀರು ದಾಟಿದ ಮೇಲೆ ಮೀನಿಗೆ ಎಷ್ಟು, ತೆಂಗಿನಕಾಯಿಗೆ ಎಷ್ಟು ಹೇಳೂದೇ ಆಗ್ತದೆ. ಅಳೂಕೆ ಪುರಸೊತ್ತಿಲ್ಲ."

ನಾನು ಅತ್ತೆ. ಅವರು ಕಿಟಕಿಯ ಕಡೆ ಮುಖ ಮಾಡಿ ಕೂತರು.

ಭಟ್ಕಳದಿಂದ ಕುಮಟೆಯವರೆಗಿನ ಯಾರೇ ಬರಲಿ, ಕರೆತರಲು ಅಕ್ಕೋರೇ ಹೋಗಬೇಕು. ಭಟ್ಕಳದ ಹುಡುಗರೊಡನೆ ಅವರ ಮನೆಮಾತು ನವಾಯತಿಯಲ್ಲೇ ಮಾತಾಡುತ್ತಿದ್ದರು. ಅಕ್ಕೋರು ತಾವು ಮೊದಲ ಸಲ ಬಂದಾಗ ಗಂಡ ದಿನ ತಪ್ಪಾಗಿ ತಿಳಿದು, ಸಂಜೆಯವರೆಗೆ ಪೆಟ್ಟಿಗೆಯ ಮೇಲೆ ಒಬ್ಬರೇ ಕೂತಿದ್ದರಂತೆ. "ಹೊಸ ಊರಲ್ಲಿ ಒಂದಾದ್ರೂ ಗುರ್ತಿನ ಮೋರೆ ಬೇಕು ಮಾರಾಯ್ತಿ" ಎನ್ನುತ್ತಿದ್ದರು. ಬೀಳ್ಕೊಡಲು ಮಾತ್ರ ಯಾರ ಜೊತೆಗೂ ಹೋದವರಲ್ಲ. ಬಂದವರೆಲ್ಲ ಎರಡು ವರ್ಷ, ನಾಲ್ಕು ವರ್ಷ ಇದ್ದು ಹೊರಟುಹೋಗುತ್ತಿದ್ದರು. ಅಂಥ ದಿನ ಅಕ್ಕೋರ ಬಾಗಿಲು ತೆರೆಯುತ್ತಿರಲಿಲ್ಲ. ಒಳಗೆ ಟಿವಿ ಮಾತ್ರ ದೊಡ್ಡದಾಗಿ ಕೇಳುತ್ತಿತ್ತು.

ಕಳೆದ ವರ್ಷ ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಎದುರಾದರು. ಹೊಸ ಸೀರೆ, ಕೈಯಲ್ಲಿ ಚೀಲ. ಕೆಲವು ತಿಂಗಳಿಂದ ಇಳಿದುಹೋಗಿದ್ದರು, ಕೇಳಿದರೆ "ಗ್ಯಾಸು" ಎನ್ನುತ್ತಿದ್ದರು. ನಾನು ಎಲ್ಲಿಗೆ ಎಂದು ಕೇಳಲಿಲ್ಲ. ಅವರನ್ನು ಹಾಗೆ ಕೇಳಿ ಉಳಿದವರುಂಟೇ? ಊರಿನಿಂದ ಯಾರೋ ಬರುವವರಿರಬೇಕು ಎಂದುಕೊಂಡೆ.

"ಬರ್ತೆ ಹಂಗಾರೆ," ಎಂದರು.

"ಆತು ಅಕ್ಕೋರೇ," ಎಂದೆ. ಒಳಗೆ ಬಂದು, ಬರುವ ನೆಂಟರಿಗೆಂದು ಒಂದು ಪಾವು ಅಕ್ಕಿ ಹೆಚ್ಚಿಗೆ ಹಾಕಿದೆ.

ಅನ್ನ ಹಾಗೇ ಉಳಿಯಿತು. ಅಕ್ಕೋರು ಊರಿಗೇ ಹೋಗಿಬಿಟ್ಟಿದ್ದರು. ರೋಗ ಕೈಮೀರಿತ್ತಂತೆ. ತಿಂಗಳು ತುಂಬುವ ಮೊದಲೇ ಅವರು ತೀರಿಕೊಂಡ ಸುದ್ದಿ ಬಂತು. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಎಲ್ಲರನ್ನೂ ಕೈ ಹಿಡಿದು ಕರೆತಂದ ಮಹಾತಾಯಿ ತಾನು ಹೋಗುವಾಗ ಒಂದು ಮಾತು ಹೇಳಬಾರದಿತ್ತೇ? ಅಷ್ಟು ದೂರ ಒಬ್ಬರೇ, ಆ ಮಟಾಟುವಿನಲ್ಲಿ!

ಈ ಬೇಸಿಗೆಯಲ್ಲಿ ಊರಿಗೆ ಬಂದವಳು ಮಾವಳ್ಳಿಗೆ ಹೋದೆ. ಅಕ್ಕೋರ ತಂಗಿ ಪಾನಕ ಕೊಟ್ಟು ಎದುರಿಗೆ ಕೂತರು.

"ಅಲ್ಲಿ ಒಬ್ಳೇ ಇದ್ದಾಳೆ ಹೇಳಿ ನಮಗೆ ಯಾವಾಗ್ಲೂ ಹೆದ್ರಿಕೆ ಇತ್ತು," ಎಂದರು. "ಹೇಳದೇ ಕೇಳದೇ ರಿಕ್ಷಾದಲ್ಲಿ ಬಂದು ಇಳ್ದಳು. ನಾ ಹೊಡ್ಕೊಂಡು ಅತ್ತೆ, ಯಾರೂ ಇಲ್ದೇ ಹ್ಯಾಂಗೆ ಬಂದ್ಯೇ ಹೇಳಿ. ಅದ್ಕೆ ನನಗೇ ಬೈದ್ಲು. ಯಾರಿಲ್ಲ? ವಿಮಾನದ ಹತ್ರ ಬಿಡೂಕೆ ಇಡೀ ಬಿಲ್ಡಿಂಗೇ ಬಂದಿತ್ತಂತೆ. ಭಟ್ಕಳದ ಹುಡುಗ್ರು ಚೀಲ ಹಿಡ್ಕೊಂಡ್ರಂತೆ. ಮೇಲಿನ ಮನೆ ಕುಮಟೆಯವಳಂತೂ ಅತ್ತೇ ಬಿಟ್ಳಂತೆ." ನನ್ನ ಮುಖ ನೋಡಿದರು. "ಅದು ನೀನೇ ಅಲ್ದಾ?"

ಲೋಟ ಕೆಳಗಿಟ್ಟೆ.

"ಹೌದು, ನಾನೇ," ಎಂದೆ. ಹೇಳುತ್ತಿದ್ದ ಹಾಗೇ ಅಳು ಬಂತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ.

ಅವರು ಎದ್ದು ಬಂದು ನನ್ನ ಬೆನ್ನು ಸವರಿದರು. ಒಳಗಿದ್ದ ಗಂಡನಿಗೆ ಕೇಳುವಂತೆ ಕೂಗಿದರು.

"ಅಕ್ಕ ಹೇಳಿದ್ದು ಖರೇ ಕಾಣಿ. ಪಾಪ, ಇದು ಈಗ್ಲೂ ಅಳ್ತದೆ."