ಹೊಲಿದ ಕೊನೆಯ ಅಧ್ಯಾಯ

ದೆವ್ವ, ಗಾಳಿ, ಶಕುನ ಇವನ್ನೆಲ್ಲ ನಾನು ನಂಬಿದವಳಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ಪತ್ತೇದಾರಿ ಕಾದಂಬರಿಗಳ ಹುಚ್ಚು ಹಿಡಿದವರಿಗೆ ಒಂದು ಗಟ್ಟಿ ನಂಬಿಕೆ ಇರುತ್ತದೆ. ಎಂಥ ವಿಚಿತ್ರವಿದ್ದರೂ ಕೊನೆಯ ಅಧ್ಯಾಯದಲ್ಲಿ ಅದಕ್ಕೊಂದು ಕಾರಣ ಸಿಕ್ಕೇ ಸಿಗುತ್ತದೆ. ಬಾಗಿಲು ತಾನಾಗಿ ಮುಚ್ಚಿಕೊಂಡಿದ್ದರೆ ಯಾರೋ ಅದಕ್ಕೆ ದಾರ ಕಟ್ಟಿ ಎಳೆದಿರುತ್ತಾರೆ. ಕೆಲವು ವರ್ಷಗಳ ಹಿಂದೆ ಒಂದು ಶನಿವಾರ ಹಾಡುಹಗಲೇ ನಡೆದದ್ದನ್ನು ಇಲ್ಲಿ ಹೇಳುತ್ತೇನೆ. ನಿಮಗೆ ಕಾರಣ ಹೊಳೆದರೆ ನೀವು ನನಗಿಂತ ಜಾಣರು.

ನಾನು ಲಿಂಗಸುಗೂರಿನ ಒಂದು ಶಾಲೆಯಲ್ಲಿ ಟೀಚರ್. ಮನೆ ಸಿಂಧನೂರಿನಲ್ಲಿ. ದಿನವೂ ಬಸ್ಸಿನಲ್ಲಿ ಓಡಾಡುವ ನನಗೆ ಓದಲು ಸಮಯ ಬೇಕಾದಷ್ಟು, ತಾಳ್ಮೆ ಮಾತ್ರ ಕಡಿಮೆ. ನಡುದಾರಿಯ ಮಸ್ಕಿಯಲ್ಲಿ, ಬಸ್ ಸ್ಟ್ಯಾಂಡಿನ ಪಕ್ಕದ ಓಣಿಯಲ್ಲಿ ಶರಣಕ್ಕನ ಟೇಲರ್ ಅಂಗಡಿ. ಒಮ್ಮೆ ಬ್ಲೌಸ್ ಹೊಲಿಸಲು ಹೋದಾಗ ಅವಳ ಮಷೀನಿನ ಮೇಲೆ ಒಂದು ಪತ್ತೇದಾರಿ ಕಾದಂಬರಿ ಬೋರಲು ಬಿದ್ದಿತ್ತು. ಅಳತೆ ಕೊಡುವುದನ್ನು ಮರೆತು ಅದರ ಬಗ್ಗೆಯೇ ಒಂದು ತಾಸು ಮಾತಾಡಿದೆವು. ಆ ಜನವರಿಯಿಂದ ನಮ್ಮಿಬ್ಬರ ಪಣ ಶುರುವಾಯಿತು. ವರ್ಷಕ್ಕೆ ಐವತ್ತು ಪುಸ್ತಕ, ಒಂದೂ ಕಡಿಮೆಯಾಗಬಾರದು.

ನಾನು ಕಳ್ಳತನದಿಂದ ಮೊದಲೇ ಕೊನೆಯ ಪುಟ ನೋಡುವವಳೆಂದು ಅವಳಿಗೆ ಬೇಗ ಗೊತ್ತಾಯಿತು. ಅದಕ್ಕೆ ಅವಳು ಮಾಡಿದ ಉಪಾಯ ಟೇಲರಿಗೆ ಮಾತ್ರ ಹೊಳೆಯುವಂಥದ್ದು. ತಾನು ಮೊದಲು ಓದಿ, ಕೊನೆಯ ಅಧ್ಯಾಯದ ಹಾಳೆಗಳನ್ನೆಲ್ಲ ಸೇರಿಸಿ ಅಂಚಿಗೆ ಸೂಜಿ ದಾರದಿಂದ ಹೊಲಿದುಬಿಡುತ್ತಿದ್ದಳು. ನಾನು ಅಲ್ಲಿಯವರೆಗೆ ಓದಿ, ಕೊಲೆಗಾರ ಯಾರೆಂದು ಚೀಟಿಯಲ್ಲಿ ಬರೆಯಬೇಕು. ಶನಿವಾರ ಮಧ್ಯಾಹ್ನ ಮಸ್ಕಿಯಲ್ಲಿ ಬಸ್ಸು ನಿಂತಾಗ ಅವಳು ಕಿಟಕಿಯ ಹತ್ತಿರ ಬಂದು ಚೀಟಿ ಇಸಿದುಕೊಂಡು, ನನ್ನ ಕಣ್ಣೆದುರೇ ಹೊಲಿಗೆ ಕತ್ತರಿಸುವಳು. ಸಿಂಧನೂರು ಮುಟ್ಟುವಷ್ಟರಲ್ಲಿ ನಾನು ಉಳಿದದ್ದನ್ನು ಓದಿ ಮುಗಿಸುತ್ತಿದ್ದೆ. ವರ್ಷದ ಕೊನೆಗೆ ನನ್ನ ಊಹೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸರಿಯಾಗಿದ್ದರೆ ಅವಳು ನನಗೆ ಮಂಡಾಳ, ಅಂದರೆ ಮಂಡಕ್ಕಿಯ, ಒಗ್ಗರಣೆ ಮತ್ತು ಮಿರ್ಚಿ ತಿನ್ನಿಸಬೇಕು. ಇಲ್ಲವಾದರೆ ನಾನು ತಿನ್ನಿಸಬೇಕು.

ಮೂರನೆಯ ವರ್ಷ ನಾನು ಒಂದೇ ಸಮನೆ ಸೋಲುತ್ತಿದ್ದೆ. ಅಕ್ಟೋಬರಿನಲ್ಲಿ ಒಂದು ಸಂಜೆ ಮನೆಯಲ್ಲಿ ಕೂತು ಹೊಲಿಗೆ ಬಿಚ್ಚಿದೆ, ಕೊನೆಯನ್ನು ಓದಿದೆ, ಮತ್ತೆ ಅದೇ ತೂತುಗಳಲ್ಲಿ ಅಂಥದೇ ಬಿಳಿ ದಾರ ಪೋಣಿಸಿ ಹೊಲಿದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಮಾಡಿದ್ದು ನಿಜ. ಶನಿವಾರ ಶರಣಕ್ಕ ಪುಸ್ತಕ ತೆಗೆದುಕೊಂಡು ಹೊಲಿಗೆಯ ಮೇಲೆ ಒಮ್ಮೆ ಬೆರಳಾಡಿಸಿದಳು. ಚೀಟಿ ನೋಡಿದಳು. "ಛಲೋ ಆತು" ಎಂದಷ್ಟೇ ಹೇಳಿ, ಕತ್ತರಿ ಹಾಕದೆ ಪುಸ್ತಕದ ಸಮೇತ ಹೊರಟುಹೋದಳು.

ಮುಂದಿನ ಶನಿವಾರ ಅವಳು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಇಳಿದು ಹೋಗಿ ತಪ್ಪಾಯಿತು ಎನ್ನಲು ನನಗೆ ಎರಡು ನಿಮಿಷ ಸಾಕಿತ್ತು. ಆದರೆ ಒಂದು ಸಲವೂ ಇಳಿಯಲಿಲ್ಲ. ಹೊಲಿಯಲೆಂದು ನಾನು ಕೊಟ್ಟಿದ್ದ ನವಿಲು ಬಣ್ಣದ ಬ್ಲೌಸ್ ಪೀಸನ್ನೂ ಕೇಳಲಿಲ್ಲ. ಹಟಕ್ಕೆ ಬಿದ್ದು ಒಬ್ಬಳೇ ಓದತೊಡಗಿದೆ. ಹೊಲಿಗೆಯಿಲ್ಲದ ಪುಸ್ತಕ, ತಡೆಯುವವರಿಲ್ಲ, ಪ್ರತಿಯೊಂದರ ಕೊನೆಯನ್ನೂ ಮೊದಲೇ ನೋಡಿಬಿಡುತ್ತಿದ್ದೆ. ಲೆಕ್ಕ ನಲವತ್ತೊಂಬತ್ತಕ್ಕೆ ಬಂತು. ಸಂತೋಷ ಮಾತ್ರ ಎಳ್ಳಷ್ಟೂ ಇರಲಿಲ್ಲ. ಬಸ್ಸು ಮಸ್ಕಿಯಲ್ಲಿ ನಿಂತರೆ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದೆ, ಹೊರಟ ಮೇಲೆ ಕಿಟಕಿಯಿಂದ ಆ ಓಣಿಯನ್ನು ಹಿಂದಿರುಗಿ ನೋಡುತ್ತಿದ್ದೆ.

ಡಿಸೆಂಬರಿನ ಕೊನೆಯ ಶನಿವಾರ ಐವತ್ತನೆಯ ಪುಸ್ತಕದ ಪಾರ್ಸಲ್ ಶಾಲೆಗೆ ಬಂತು. ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಬೀಗದ ಕೈಯಿಂದ ಟೇಪು ಹರಿದೆ. ಒಳಗೆ ಪ್ಲಾಸ್ಟಿಕ್ ಹೊದಿಕೆಯ ಹೊಸ ಪುಸ್ತಕ. ಅದನ್ನು ಹಾಗೆಯೇ ಬ್ಯಾಗಿಗೆ ಹಾಕಿ, ಶಾಲೆ ಬಿಟ್ಟೊಡನೆ ಬಸ್ಸು ಹತ್ತಿದೆ. ಹೊದಿಕೆ ಕಿತ್ತದ್ದು ಸೀಟಿನಲ್ಲಿ ಕೂತ ಮೇಲೆ. ಹತ್ತಾರು ಪುಟ ಓದಿ, ಅಭ್ಯಾಸಬಲದಿಂದ ಕೊನೆಗೆ ಕೈಹಾಕಿದೆ. ಹಾಳೆಗಳು ಬಿಡಿಸಿಕೊಳ್ಳಲಿಲ್ಲ.

ಕೊನೆಯ ಅಧ್ಯಾಯವನ್ನು ಯಾರೋ ಹೊಲಿದಿದ್ದರು. ನವಿಲು ಬಣ್ಣದ ದಾರ. ಶರಣಕ್ಕ ಹೊಲಿಗೆ ಮುಗಿಸುವಾಗ ಮೂರು ಪುಟ್ಟ ಹೊಲಿಗೆ ಹಿಂದಕ್ಕೆ ಹಾಕಿ, ಗಂಟನ್ನು ಹಾಳೆಗಳ ನಡುವೆ ಅಡಗಿಸುತ್ತಾಳೆ. ಇಲ್ಲೂ ಹಿಂದಕ್ಕೆ ಮೂರು ಹೊಲಿಗೆ ಇದ್ದವು, ಗಂಟು ಕಾಣುತ್ತಿರಲಿಲ್ಲ. ಪುಸ್ತಕವನ್ನು ತಿರುವಿ ತಿರುವಿ ಆ ಅಂಚನ್ನೇ ಸವರುತ್ತ ಕೂತೆ. ಪಕ್ಕದಲ್ಲಿದ್ದ ಹೆಂಗಸು "ಯಾಕ್ರೀ, ಆರಾಮಿಲ್ಲೇನು?" ಎಂದು ಕೇಳಿದರು. ಮಸ್ಕಿ ಬರುತ್ತಲೇ ಊಟದ ಡಬ್ಬಿಯನ್ನು ಬಸ್ಸಿನಲ್ಲೇ ಮರೆತು ಇಳಿದೆ.

ಶರಣಕ್ಕ ಅಂಗಡಿಯಲ್ಲಿ ಮಷೀನಿನ ಮುಂದೆ ಸುಮ್ಮನೆ ಕೂತಿದ್ದಳು. ಬಲಗೈಗೆ ಬೆರಳಿನವರೆಗೂ ಪ್ಲಾಸ್ಟರ್.

"ಬಚ್ಚಲದಾಗ ಜಾರಿ ಬಿದ್ದೆ. ಮೂರು ವಾರ ಆತು," ಎಂದಳು. "ಈಗ ನೆನಪಾದೆ ಏನು ನಿನಗ?"

ನಾನು ಪುಸ್ತಕ ಮುಂದಿಟ್ಟೆ. ಅವಳು ಎಡಗೈಯಿಂದ ಹೊಲಿಗೆ ಸವರಿದಳು, ಬೆಳಕಿಗೆ ಹಿಡಿದು ನೋಡಿದಳು.

"ಹೊಲಿಗಿ ನಂದ ಐತಿ, ತಂಗಿ. ಆದ್ರ ನಾ ಹೊಲದಿಲ್ಲ. ಈ ಕೈಯಾಗ ಚಮಚ ಹಿಡಿಯಾಕ ಬರವಲ್ದು."

ಕಪಾಟಿನಿಂದ ನನ್ನ ಕೈಯಿಂದಲೇ ನನ್ನ ಬ್ಲೌಸ್ ಪೀಸ್ ತೆಗೆಸಿದಳು. ಅದರ ಮೇಲೆ ಅದೇ ಬಣ್ಣದ ದಾರದ ಹೊಸ ಉಂಡೆ ಇತ್ತು, ಸುತ್ತಿದ ಕಾಗದ ಕೂಡ ಹರಿದಿರಲಿಲ್ಲ. ಉಂಡೆಯನ್ನು ಪುಸ್ತಕದ ಹೊಲಿಗೆಯ ಪಕ್ಕಕ್ಕೆ ಹಿಡಿದು ನೋಡಿದೆವು. ಒಂದೇ ಬಣ್ಣ.

ಆಗ ನನಗೆ ಅಳು ಬಂತು. ಅಕ್ಟೋಬರಿನ ಕಥೆಯನ್ನು ಹೇಳತೊಡಗಿದೆ. ಅವಳು ಅರ್ಧಕ್ಕೇ ತಡೆದಳು.

"ಗೊತ್ತೈತಿ ಬಿಡು. ಗಂಟು ಹೊರಗ ಬಿಟ್ಟಿದ್ದಿ. ನೀನಾಗೇ ಬಂದು ಹೇಳ್ತಿ ಅಂತ ಕಾಯಾಕತ್ತಿದ್ದೆ."

ಮನೆಗೆ ಬಂದ ಮೇಲೆ ನನ್ನ ಪತ್ತೇದಾರಿ ಬುದ್ಧಿಯನ್ನೆಲ್ಲ ಖರ್ಚು ಮಾಡಿದೆ. ಪುಸ್ತಕ ಕಳಿಸಿದವರಿಗೆ ಫೋನ್ ಮಾಡಿದರೆ, ಹಾಗೇನೂ ಇರಲು ಸಾಧ್ಯವಿಲ್ಲ, ಬೇಕಾದರೆ ಬದಲಿಸಿ ಕೊಡುತ್ತೇವೆ ಎಂದರು. ಶರಣಕ್ಕನ ಮೇಲೂ ಸಂಶಯಪಟ್ಟೆ. ಆದರೆ ಆ ಪುಸ್ತಕ ತರಿಸಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ನಾನೇ ಮೈಮರೆತು ಹೊಲಿದೆನೇ ಎಂದೂ ಯೋಚಿಸಿದೆ. ಬಸ್ಸಿನಲ್ಲಿ ನನ್ನ ಹತ್ತಿರ ಸೂಜಿ ಎಲ್ಲಿತ್ತು? ಇದ್ದರೂ ಆ ಮೂರು ಹೊಲಿಗೆ ಹಾಕಲು ನನಗೆ ಇವತ್ತಿಗೂ ಬರುವುದಿಲ್ಲ.

ಆ ವರ್ಷದ ಲೆಕ್ಕ ನಲವತ್ತೊಂಬತ್ತಕ್ಕೇ ನಿಂತಿತು. ಆಮೇಲಿನ ವರ್ಷಗಳಲ್ಲಿ ಐವತ್ತು ತಪ್ಪಿಲ್ಲ. ಆ ಪುಸ್ತಕ ಮಾತ್ರ ಶರಣಕ್ಕನ ಮಷೀನಿನ ಖಾನೆಯಲ್ಲಿ ಹೊಲಿಗೆಯ ಸಮೇತ ಇದೆ. ಪ್ರತಿ ಡಿಸೆಂಬರಿನಲ್ಲಿ ಅವಳು ಅದನ್ನು ಹೊರತೆಗೆದು, ಒಂದು ಚೀಟಿ, ಒಂದು ಪೆನ್ಸಿಲ್ ನನ್ನ ಮುಂದಿಡುತ್ತಾಳೆ.

"ಹೆಸರು ಬರಿ. ಕತ್ತರಿ ನನ್ನ ಕೈಯಾಗ ಐತಿ."

ಆ ಕಥೆಯ ಕೊಲೆಗಾರ ಯಾರೆಂದು ನನಗೆ ಚೆನ್ನಾಗಿ ಗೊತ್ತಿದೆ, ಹೊಲಿಗೆಯವರೆಗಿನದನ್ನು ನಾಲ್ಕು ಸಲ ಓದಿದ್ದೇನೆ. ಆದರೂ ಪೆನ್ಸಿಲ್ ಹಿಡಿದರೆ ಕೈ ಏಳುವುದಿಲ್ಲ. ಆ ದಿನ ನನ್ನನ್ನು ಮಸ್ಕಿಯಲ್ಲಿ ಇಳಿಸಿದ್ದು ಆ ಹೊಲಿಗೆ. ಅದನ್ನು ಕತ್ತರಿಸಲು ಕೊಲೆಗಾರನ ಹೆಸರೊಂದೇ ಸಾಲದು ಅನ್ನಿಸುತ್ತದೆ.

"ಮುಂದಿನ ವರ್ಷ ಬರೀತೀನಿ, ಅಕ್ಕಾ," ಎನ್ನುತ್ತೇನೆ. ಅವಳು ಖಾಲಿ ಚೀಟಿಯನ್ನು ಪುಸ್ತಕದೊಳಗಿಟ್ಟು ಖಾನೆ ಮುಚ್ಚುತ್ತಾಳೆ.