ಕೆಂಪು ಕೋಳಿಯ ದಿನ ಆಡಿದ ಪೋಕರ್

ಭಾವನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ನಾನು ದುಬೈಯಿಂದ ಬಂದ ಮೇಲೆ ಪೋಕರ್ ಕಲಿಸು ಎಂದು ಗಂಟುಬಿದ್ದವರು ಅವರೇ. ಬೇಕಾದ ಎಲೆ ಬರುವ ಅವಕಾಶ ಎಷ್ಟು, ಅದಕ್ಕೆ ತೆರಬೇಕಾದ ಬೆಲೆ ಎಷ್ಟು, ಎರಡನ್ನೂ ತೂಗಿ ನೋಡಿ ಎಂದು ಎಷ್ಟು ಗಂಟಲು ಹರಿದುಕೊಂಡೆ! ತಲೆಯಾಡಿಸುತ್ತಿದ್ದರು. ತಲೆಯೊಳಗೆ ಮಾತ್ರ ಕೋಳಿ ಅಂಕದ ಪಂಚಾಂಗ. ಯಾವ ವಾರ ಯಾವ ಬಣ್ಣದ ಕೋಳಿ ಕಾಳಗದಲ್ಲಿ ಗೆಲ್ಲುತ್ತದೆ ಎಂಬುದನ್ನು ಇಸ್ಪೀಟಿನ ಎಲೆಗೂ ಹಚ್ಚುವ ಮನುಷ್ಯ!

ಆ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕುದ್ರೋಳಿಯಲ್ಲಿ ಗೆಳೆಯನ ಮಹಡಿಯ ಮೇಲೆ ಕೂತಿದ್ದೆವು. ಭಾವನ ಜೇಬು ಬೇಗ ಖಾಲಿಯಾಯಿತು. ಆಗ ಅವರು ಹಸಿರು ಬಟ್ಟೆಯ ಚೀಲವೊಂದನ್ನು ತೆಗೆದರು. ಅದನ್ನು ಹೊಲಿದದ್ದು ನನ್ನ ಅಕ್ಕ. ಪಡೀಲಿನಲ್ಲಿ ಅವಳು ಬಾಡಿಗೆಗೆ ಹಿಡಿಯಲಿದ್ದ ಟೈಲರಿಂಗ್ ಅಂಗಡಿಯ ಅಡ್ವಾನ್ಸ್ ಅದರಲ್ಲಿತ್ತು. ಸೋಮವಾರ ಬೆಳಿಗ್ಗೆ ಕಟ್ಟಲೆಂದು ಗಂಡನ ಕೈಗೆ ಕೊಟ್ಟಿದ್ದಳು. ನನಗೆ ಮೈಯೆಲ್ಲ ಉರಿಯಿತು. ಇವರಿಗೆ ಇವತ್ತು ಬುದ್ಧಿ ಕಲಿಸಿಯೇ ಬಿಡುತ್ತೇನೆ ಎಂದುಕೊಂಡೆ.

ಮೇಜಿನ ಮೇಲೆ ಆರು ಸಾವಿರ ಇತ್ತು. ತೆರೆದಿದ್ದ ನಾಲ್ಕು ಎಲೆಗಳಲ್ಲಿ ಎರಡು ಕೆಂಪು ಆಟೀನು; ತೆರೆಯಲು ಒಂದೇ ಎಲೆ ಬಾಕಿ. ನನ್ನಲ್ಲಿ ಜೋಡಿ ರಾಜ.

“ಇವತ್ತು ಕೆಂಪು ಕೋಳಿಗೇ ಜಯ ಉಂಟು ಮಾರಾಯ,” ಎಂದು ಭಾವ ನಕ್ಕರು.

ಅವರಿಗೆ ನಾಲ್ಕು ಆಟೀನು ಸೇರಿವೆ, ನನ್ನ ಜೋಡಿಯನ್ನು ಸೋಲಿಸುವ ಐದನೆಯದಕ್ಕೆ ಕಾಯುತ್ತಿದ್ದಾರೆ ಎಂದು ಅಲ್ಲೇ ಗೊತ್ತಾಯಿತು. ಅವರು ಕಾಣದ ನಲವತ್ತಾರು ಎಲೆಗಳಲ್ಲಿ ಆಟೀನು ಉಳಿದಿದ್ದು ಒಂಬತ್ತು. ಐದರಲ್ಲೊಂದು ಅವಕಾಶವೂ ಪೂರ್ತಿ ಇಲ್ಲ. ನಾನು ಬೇಕೆಂದೇ ಆರು ಸಾವಿರ ಹಾಕಿದೆ. ಹನ್ನೆರಡು ಸಾವಿರ ಗೆಲ್ಲಲು ಆರು ಸಾವಿರ ಕೊಡಬೇಕಾದರೆ ಮೂರರಲ್ಲೊಂದು ಅವಕಾಶವಾದರೂ ಬೇಕು. ಭಾವ ಮರ್ಯಾದೆಯಿಂದ ಎಲೆ ಕೆಳಗಿಟ್ಟು ಏಳಬೇಕಿತ್ತು. ಏಳಲಿಲ್ಲ. ಚೀಲ ಕೊಡವಿ ಹಾಕಿದರು. ಬಂದದ್ದು ಕಪ್ಪು ಎಲೆ.

ಹಣ ಬಾಚಿಕೊಂಡು ಮನೆಗೆ ಬಂದೆ. ಎರಡು ದಿನ ಒದ್ದಾಡಲಿ, ಹೆಂಡತಿಗೆ ಮುಖ ತೋರಿಸಲಾಗದೆ ಬೇಯಲಿ ಎಂದು ಸುಮ್ಮನಿದ್ದೆ. ಬುಧವಾರ ಅಕ್ಕನ ಮನೆಗೆ ಹೋಗಿ ಅಷ್ಟನ್ನೂ ಅವಳ ಮುಂದಿಟ್ಟೆ. ಭಾವನನ್ನು ಬಾಯಿಗೆ ಬಂದಂತೆ ಬೈದೆ. ಅಷ್ಟು ಹೇಳಿಕೊಟ್ಟರೂ ಕೋಳಿಯ ಬಣ್ಣ ನಂಬುವ ಇವರದ್ದು ಎಂತ ತಲೆ ಎಂದು ಕೂಗಾಡಿದೆ. ಅಕ್ಕ ಹಣ ಮುಟ್ಟಲಿಲ್ಲ. ಸೋಮವಾರ ಅಡ್ವಾನ್ಸ್ ಬಾರದ್ದರಿಂದ ಮಾಲೀಕರು ಅಂಗಡಿಯನ್ನು ಹಿಂದಿನ ದಿನವೇ ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು.

“ಅವರಿಗೆ ಲೆಕ್ಕ ಬರುವುದಿಲ್ಲ, ಅದು ನನಗೆ ಗೊತ್ತುಂಟು,” ಎಂದಳು. “ನಿನಗೆ ಬರ್ತದಲ್ಲ. ನೀನು ಯಾಕೆ ಭಾನುವಾರವೇ ತರಲಿಲ್ಲ?”